ಮೊಡವೆ ಬ್ಯಾಟು

ಹೋದ ಜೂನ್ ತಿಂಗಳಲ್ಲಿ ನಮ್ಮ ಮೊಮ್ಮಗಳು ಶಾಲೆಗಳ ನಡುವಿನ ಟೇಬಲ್ ಟೆನಿಸ್ ಪಂದ್ಯ ಮುಗಿಸಿ ಬಂದವಳೇ ಬ್ಯಾಟನ್ನು ಸೋಫಾದ ಮೇಲೆ ಎಸೆದಳು. ಹನ್ನೆರಡು ವರ್ಷದ ಹುಡುಗಿ. ಸೋತು ಬರುವುದು ಅವಳಿಗೆ ಹೊಸದಲ್ಲ, ಬ್ಯಾಟು ಎಸೆಯುವುದು ಹೊಸದು.

“ತಾತ, ಅವಳು ಮೋಸ ಮಾಡಿದ್ಲು. ಅವಳ ಬ್ಯಾಟಲ್ಲೇ ಏನೋ ಇದೆ. ನಾನಿನ್ನು ಆಡಲ್ಲ.”

ಮೂರು ಗೇಮೂ ಸೋಲು. 11–4, 11–3, 11–5. ಎದುರಾಳಿ ಇವಳಿಗಿಂತ ಒಂದು ಗೇಣು ಕುಳ್ಳು. ನಿಂತಲ್ಲೇ ನಿಂತು ಬ್ಯಾಟನ್ನು ಅಡ್ಡ ಹಿಡಿಯುತ್ತಿದ್ದಳಂತೆ, ಅಷ್ಟೆ. ಇವಳು ಜೋರಾಗಿ ಹೊಡೆದರೆ ಮುಂದಿನ ಚೆಂಡು ನೆಟ್ಟಿಗೆ. ಮೆಲ್ಲಗೆ ತಳ್ಳಿದರೆ ಮುಂದಿನದು ಮೇಲೆದ್ದು ಟೇಬಲ್ಲಿನ ಆಚೆಗೆ.

“ಪುಟ್ಟೀ, ಅವಳ ಬ್ಯಾಟಿನ ಒಂದು ಬದಿ ನುಣುಪಾಗಿರದೆ ಬ್ರಷ್ಷಿನ ಹಾಗಿತ್ತಾ?”

“ಹೂಂ. ಕಪ್ಪು ಬದಿ.”

ಲಾಂಗ್ ಪಿಂಪಲ್ಸ್ ರಬ್ಬರು! “ಪಿಂಪಲ್ ಅಂದ್ರೆ ಮೊಡವೆ ಅಲ್ವೇನ್ರೀ?” ಎಂದು ಅಡುಗೆಮನೆಯಿಂದ ನಮ್ಮ ಮನೆಯವಳು ಕೇಳಿದಳು. ಅವತ್ತಿನಿಂದ ನಮ್ಮಲ್ಲಿ ಅದರ ಹೆಸರು ಮೊಡವೆ ಬ್ಯಾಟು.

ಪುಟ್ಟಿಗೆ ಆಗ ಬುದ್ಧಿ ಹೇಳುವ ಯೋಗ್ಯತೆ ನನಗಿರಲಿಲ್ಲ. ಏಕೆಂದರೆ 1981ರಲ್ಲಿ ನಾನೂ ಇದನ್ನೇ ಮಾಡಿದ್ದೆ. ಬ್ಯಾಂಕಿನ ರಿಕ್ರಿಯೇಷನ್ ಕ್ಲಬ್ಬಿನಲ್ಲಿ ನಾನು ಸಾಕಷ್ಟು ಚೆನ್ನಾಗಿ ಆಡುತ್ತಿದ್ದೆ, ಹಾಗಂತ ನನಗೂ ಅನಿಸಿತ್ತು. ಆ ವರ್ಷದ ಫೈನಲ್ಲಿನಲ್ಲಿ ಎದುರಿಗೆ ಬಂದವರು ಬೇರೆ ಊರಿಂದ ವರ್ಗವಾಗಿ ಬಂದಿದ್ದ ಕ್ಯಾಷಿಯರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಸ್ವಲ್ಪ ಹೊಟ್ಟೆ ಬೇರೆ. ಆಗೆಲ್ಲ ಒಂದು ಗೇಮಿಗೆ 21 ಪಾಯಿಂಟು. ಅವರು ನನ್ನನ್ನು ಎರಡು ಗೇಮಿನಲ್ಲೂ 10 ದಾಟಲು ಬಿಡಲಿಲ್ಲ. ಅವರ ಬ್ಯಾಟಿಗೂ ಒಂದು ಬದಿ ಪಿಂಪಲ್ಸ್ ಇತ್ತು. ಆದರೆ ಎರಡೂ ಬದಿ ಒಂದೇ ಕೆಂಪು. ಕೈಯಲ್ಲೇ ಬ್ಯಾಟು ತಿರುಗಿಸಿದರೆ ಯಾವ ಬದಿಯಿಂದ ಹೊಡೆದರೋ ನನಗೆ ತಿಳಿಯುತ್ತಲೇ ಇರಲಿಲ್ಲ. ಆಟ ಮುಗಿದಾಗ ಅವರು ಕೈ ಚಾಚಿದರು. ನಾನು ಕೈ ಕೊಡದೆ, ಎಲ್ಲರ ಮುಂದೆ “ಇದು ಆಟ ಅಲ್ಲ ಸಾರ್, ಕಣ್ಕಟ್ಟು” ಎಂದುಬಿಟ್ಟೆ. ಅವರು ಏನೂ ಅನ್ನದೆ ಟವೆಲ್ಲಿನಿಂದ ಬ್ಯಾಟು ಒರೆಸಿ ಕವರಿಗೆ ಹಾಕಿಕೊಂಡು ಹೋದರು. ಮುಂದಿನ ವರ್ಷ ಅವರಿಗೆ ವರ್ಗವಾಯಿತು. ಮತ್ತೆ ಸಿಗಲಿಲ್ಲ.

ಬಣ್ಣದ ವಿಷಯದಲ್ಲಿ ನನ್ನ ತಕರಾರು ಪೂರ್ತಿ ಸುಳ್ಳಲ್ಲ ಅಂತ ಆಮೇಲೆ ಗೊತ್ತಾಯಿತು. ಜಗತ್ತಿನ ದೊಡ್ಡ ಆಟಗಾರರೂ ಇದೇ ತಕರಾರು ಮಾಡಿ, 1986ರಿಂದ ಒಂದು ಬದಿ ಕೆಂಪು, ಇನ್ನೊಂದು ಬದಿ ಕಪ್ಪು ಇರಬೇಕೆಂಬ ನಿಯಮ ಬಂತು. 2021ರಿಂದ ಕೆಂಪಿನ ಬದಲು ಹಸಿರು, ನೀಲಿ, ಗುಲಾಬಿ, ನೇರಳೆಯೂ ಆಗಬಹುದು; ಇನ್ನೊಂದು ಬದಿ ಮಾತ್ರ ಕಪ್ಪೇ. ಆದರೆ ಲಾಂಗ್ ಪಿಂಪಲ್ಸ್ ಅಂದೂ ನಿಯಮದೊಳಗಿತ್ತು, ಇಂದೂ ಇದೆ. ಚೂರೂ ಹಿಡಿತವಿಲ್ಲದ, ಗಾಜಿನಂತೆ ಜಾರುವ ಪಿಂಪಲ್ಸನ್ನು ಮಾತ್ರ 2008ರಲ್ಲಿ ನಿಷೇಧಿಸಿದರು.

ಈ ರಬ್ಬರಿನ ಗುಟ್ಟು ನನಗೆ ತಿಳಿದದ್ದು ಆ ಫೈನಲ್ ಆಗಿ ಎಂಟು ಹತ್ತು ವರ್ಷದ ಮೇಲೆ. ನಮ್ಮ ಮಗನನ್ನು ಬೇಸಿಗೆ ಶಿಬಿರಕ್ಕೆ ಬಿಡಲು ಹೋದಾಗ ಅಲ್ಲಿನ ಕೋಚ್ ಒಬ್ಬರು ಅರ್ಧಕ್ಕೆ ಮಸಿ ಬಳಿದ ಚೆಂಡು ಹಿಡಿದು ಮಕ್ಕಳಿಗೆ ತೋರಿಸುತ್ತಿದ್ದರು. ಮಸಿ ಬಳಿದಿದ್ದರಿಂದ ಚೆಂಡು ಯಾವ ಕಡೆಗೆ ಗಿರಗಿರ ತಿರುಗುತ್ತಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತು ನಾನೂ ಪಾಠ ಕೇಳಿದೆ.

ಮಾಮೂಲಿ ನುಣುಪು ರಬ್ಬರು ಚೆಂಡನ್ನು ಕಚ್ಚಿ ಹಿಡಿದು ತನಗೆ ಬೇಕಾದ ಕಡೆ ತಿರುಗಿಸುತ್ತದೆ. ಲಾಂಗ್ ಪಿಂಪಲ್ಸಿನಲ್ಲಿ ಸಣ್ಣ ಸಣ್ಣ ರಬ್ಬರ್ ಕಡ್ಡಿಗಳು ಹೊರಮುಖವಾಗಿ ನಿಂತಿರುತ್ತವೆ. ಉದ್ದ ಅಂತ ಹೆಸರೇ ಹೊರತು ಎರಡು ಮಿಲಿಮೀಟರೂ ಇರುವುದಿಲ್ಲ. ಚೆಂಡು ಬಡಿದರೆ ಹಲ್ಲುಜ್ಜುವ ಬ್ರಷ್ಷಿನ ಎಳೆಗಳ ಹಾಗೆ ಬಾಗುತ್ತವೆ, ಚೆಂಡು ಜಾರುತ್ತದೆ. ಕಚ್ಚುವುದಿಲ್ಲ. ಹಾಗಾಗಿ ಚೆಂಡು ಮೊದಲು ಹೇಗೆ ತಿರುಗುತ್ತಿತ್ತೋ ಹೆಚ್ಚುಕಮ್ಮಿ ಹಾಗೇ ತಿರುಗುತ್ತಾ ವಾಪಸು ಬರುತ್ತದೆ.

ಹಾಗೇ ತಿರುಗುತ್ತಾ ಬಂದರೆ ಕಷ್ಟವೇನು? ಮಕ್ಕಳೇ, ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ದೊಡ್ಡವರನ್ನು ಪಕ್ಕದಲ್ಲಿಟ್ಟುಕೊಂಡು ಚಕ್ರ ತಿರುಗಿಸಿ. ಒಂದು ಕಡೆ ನಿಂತು ನೋಡಿದರೆ ಚಕ್ರ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಆ ಕಡೆ ಹೋಗಿ ನೋಡಿ, ಉಲ್ಟಾ ಸುತ್ತುತ್ತಿದೆ! ಚಕ್ರ ಬದಲಾಗಲಿಲ್ಲ, ನೀವು ಜಾಗ ಬದಲಿಸಿದಿರಿ. ಚೆಂಡಿನದೂ ಇದೇ ಕಥೆ. ನಾನು ಟಾಪ್‌ಸ್ಪಿನ್ ಹೊಡೆದಾಗ ಅದು ಮುಂದಕ್ಕೆ ಉರುಳುತ್ತಾ ಹೋಗುತ್ತದೆ. ಪಿಂಪಲ್ಸಿಗೆ ತಾಗಿದ ಮೇಲೆ ಉರುಳುವ ರೀತಿ ಅದೇ, ಹೋಗುವ ದಿಕ್ಕು ಮಾತ್ರ ಉಲ್ಟಾ. ಹಾಗಾಗಿ ನನ್ನ ಟಾಪ್‌ಸ್ಪಿನ್ ನನಗೇ ಬ್ಯಾಕ್‌ಸ್ಪಿನ್ ಆಗಿ ಬರುತ್ತದೆ. ನಾನು ಎಷ್ಟು ಜೋರಾಗಿ ಸುತ್ತಿಸಿದ್ದೆನೋ ಅಷ್ಟು ಭಾರವಾಗಿ! (ಒಬ್ಬರ ಪುಸ್ತಕದ ಡೆಬಿಟ್ಟು ಇನ್ನೊಬ್ಬರ ಪುಸ್ತಕದಲ್ಲಿ ಕ್ರೆಡಿಟ್ಟು. ಬಿಕಾಂ ಓದಿದ ನನಗೆ ಇದು ಇಷ್ಟು ತಡವಾಗಿ ಹೊಳೆಯಬಾರದಿತ್ತು.) ಬ್ಯಾಕ್‌ಸ್ಪಿನ್ ಚೆಂಡು ನಮ್ಮ ಬ್ಯಾಟಿಗೆ ತಾಗಿದೊಡನೆ ಕೆಳಕ್ಕೆ ಇಳಿಯುತ್ತದೆ, ನೆಟ್ಟಿಗೆ ಬೀಳುತ್ತದೆ. ನಾವು ಬ್ಯಾಕ್‌ಸ್ಪಿನ್ ಕೊಟ್ಟು ಪುಶ್ ಮಾಡಿದರೋ, ಎದುರಾಳಿ ಕತ್ತರಿಸಿದಂತೆ ಕೈ ಆಡಿಸಿದರೂ ಬರುವುದು ತೆಳು ಟಾಪ್‌ಸ್ಪಿನ್. ಆ ಕೈ ನೋಡಿ ಮೋಸಹೋಗಿ ಮತ್ತೆ ಪುಶ್ ಮಾಡಿದರೆ ಚೆಂಡು ಗಾಳಿಪಟದ ಹಾಗೆ ಮೇಲೇಳುತ್ತದೆ.

ಕ್ಯಾಷಿಯರು ಅವತ್ತು ಮಾಡಿದ್ದು ಇಷ್ಟೇ. ನನ್ನ ಸ್ಪಿನ್ನನ್ನೇ ನನಗೆ ಕೊಟ್ಟಿದ್ದರು.

ಇದನ್ನೆಲ್ಲ ಪುಟ್ಟಿಗೆ ಹೇಳಿದೆ, ಕೈ ಕೊಡದೆ ಬಂದದ್ದನ್ನೂ ಸೇರಿಸಿ. ಅವಳು ಸೈಕಲ್ ಚಕ್ರದ ಕಥೆಗಿಂತ ಅದನ್ನೇ ಹೆಚ್ಚು ಗಮನವಿಟ್ಟು ಕೇಳಿದಳು. “ಮತ್ತೆ ನೀನು ಸಾರಿ ಹೇಳಲೇ ಇಲ್ವಾ?” ಅಂದಳು. ಇಲ್ಲ ಅಂದೆ.

ಮಾತಿನಲ್ಲಿ ಆಟ ಬರುವುದಿಲ್ಲ. ಕ್ರೀಡಾ ಸಾಮಾನಿನ ಅಂಗಡಿಗೆ ಹೋಗಿ ಒಂದು ಲಾಂಗ್ ಪಿಂಪಲ್ಸ್ ರಬ್ಬರು ತಂದು ನನ್ನ ಹಳೇ ಬ್ಯಾಟಿಗೆ ಅಂಟಿಸಿಸಿದೆ. ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಒಂದು ಟೇಬಲ್ ಇದೆ. ಮಂಡಿ ನೋವಿನ ನಾನು ಒಂದು ಹೆಜ್ಜೆ ಆಚೀಚೆ ಆಗದೆ ನಿಂತು ಬ್ಯಾಟು ಹಿಡಿದರೆ ಸಾಕು, ಪುಟ್ಟಿ ಮೊದಲ ವಾರ ತತ್ತರಿಸಿಹೋದಳು. ಮೊಮ್ಮಕ್ಕಳ ಜೊತೆ ಆಡಿ ಓಡಲಾಗದೆ ಸುಮ್ಮನಾದ ಅಜ್ಜ ಅಜ್ಜಿಯರಿಗೆ ಈ ರಬ್ಬರನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಚೀನಾದಲ್ಲಿ ಹುಟ್ಟಿ ಲಕ್ಸೆಂಬರ್ಗ್ ಪರವಾಗಿ ಆಡುವ ನೀ ಶಿಯಾಲಿಯಾನ್ ಪಿಂಪಲ್ಸ್ ಬ್ಯಾಟು ಹಿಡಿದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮೊದಲ ಸುತ್ತು ಗೆದ್ದಾಗ ಅವರಿಗೆ 61 ವರ್ಷ!

ಅಭ್ಯಾಸಕ್ಕೆ ನಾವು ಹಿಡಿದದ್ದು ಒಂದೇ ಪಾಠ: ನನ್ನ ಕೈ ನೋಡಬೇಡ, ನೀನು ಹಿಂದಿನ ಏಟಿನಲ್ಲಿ ಏನು ಕಳಿಸಿದೆ ಅದನ್ನು ನೆನಪಿಟ್ಟುಕೋ. ಒಂದು ಪುಶ್, ಮುಂದಿನದು ಮೆಲ್ಲಗೆ ಡ್ರೈವ್. ಡ್ರೈವ್ ಮಾಡಿದೆಯಾ, ಈಗ ಬರುವುದು ಬ್ಯಾಕ್‌ಸ್ಪಿನ್, ಮತ್ತೆ ಪುಶ್. ಒಂದರ ಮೇಲೊಂದು ಡ್ರೈವ್ ಮಾಡಲೇಬೇಕೆಂದರೆ ಎರಡನೆಯದನ್ನು ಕೆಳಗಿನಿಂದ ಎತ್ತಿ ಹೊಡೆ. ಮೊದಮೊದಲು ಅವಳು ಪ್ರತಿ ಏಟಿಗೂ “ಮೇಲೆ, ಕೆಳಗೆ” ಎಂದು ಬಾಯಲ್ಲಿ ಹೇಳಿಕೊಂಡೇ ಆಡುತ್ತಿದ್ದಳು.

ಸರ್ವ್‌ನಲ್ಲಿ ಅವಳಿಗೆ ಬಹಳ ಹೆಮ್ಮೆ. ಹಾವಿನ ಹಾಗೆ ಸುತ್ತುವ ಸರ್ವ್‌ಗಳು. ಪಿಂಪಲ್ಸಿನ ಕಡೆಗೆ ಅವನ್ನು ಬಿಡಿಸುವುದೇ ಕಷ್ಟವಾಯಿತು. ಸ್ಪಿನ್ ಇಲ್ಲದೆ ಉದ್ದಕ್ಕೆ, ಟೇಬಲ್ಲಿನ ಕೊನೆಯ ತನಕ ಸರ್ವ್ ಮಾಡು, ನೀನು ಏನೂ ಕೊಡದಿದ್ದರೆ ನಾನೇನು ವಾಪಸು ಕೊಡಲಿ ಅಂದೆ. ನಿಜಕ್ಕೂ ಆಗ ನನ್ನ ಬ್ಯಾಟು ಪೆಚ್ಚಾಯಿತು. ಬಂದದ್ದು ಸುಮ್ಮನೆ ತೇಲುವ ಚೆಂಡು, ಅವಳು ಪಟ್ಟೆಂದು ಹೊಡೆದಳು. ಇನ್ನೊಂದನ್ನು ಅವಳೇ ಕಂಡುಹಿಡಿದಳು: ಚೆಂಡು ನನ್ನ ಮೊಣಕೈ ಹತ್ತಿರ ಬಂದರೆ ನುಣುಪು ಬದಿಯೋ ಪಿಂಪಲ್ಸ್ ಬದಿಯೋ ಎಂದು ನಾನು ತಡಬಡಾಯಿಸುತ್ತೇನೆ. ಆಮೇಲೆ ತಾತನ ಮೊಣಕೈಗೆ ಬಿಡುವೇ ಇಲ್ಲ.

ಅಷ್ಟರಲ್ಲಿ ಅವಳು ಮನಿಕಾ ಬಾತ್ರಾ ಅವರ ಆಟ ನೋಡಲು ಶುರುಮಾಡಿದ್ದಳು. ಅವರ ಬ್ಯಾಕ್‌ಹ್ಯಾಂಡ್ ಕೂಡ ಲಾಂಗ್ ಪಿಂಪಲ್ಸೇ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಿಳಾ ಸಿಂಗಲ್ಸ್ ಚಿನ್ನ ತಂದವರು. ನಾಲ್ಕು ಒಲಿಂಪಿಕ್ಸ್ ಚಿನ್ನ ಗೆದ್ದ ಚೀನಾದ ಡೆಂಗ್ ಯಾಪಿಂಗ್ ಕೂಡ ಇದನ್ನೇ ಹಿಡಿದವರು, ಸುಮಾರು ಐದಡಿಯ ಎತ್ತರದವರು ಅಂತ ನಾನು ಸೇರಿಸಿದೆ. “ಅವಳೂ ಕುಳ್ಳೀನೇ” ಎಂದು ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೋಸ ಅನ್ನುವ ಮಾತು ಮತ್ತೆ ಬರಲಿಲ್ಲ.

ಹೋದ ಭಾನುವಾರ ಇನ್ನೊಂದು ಪಂದ್ಯ. ಕ್ವಾರ್ಟರ್ ಫೈನಲ್ಲಿನಲ್ಲಿ ಅದೇ ಹುಡುಗಿ. ಆಟಕ್ಕೆ ಮುಂಚೆ ಪುಟ್ಟಿ ಅವಳ ಬ್ಯಾಟು ಕೇಳಿ ತೆಗೆದುಕೊಂಡು ಎರಡೂ ಬದಿ ಬೆರಳಾಡಿಸಿ ನೋಡಿದಳು. ಅದು ಹಕ್ಕು, ಎದುರಾಳಿ ತೋರಿಸಲೇಬೇಕು. ಬಹಳ ಮಕ್ಕಳು ಸಂಕೋಚಕ್ಕೆ ಕೇಳುವುದಿಲ್ಲ. ಎರಡು ಗೇಮ್ ಇವಳಿಗೆ, ಎರಡು ಅವಳಿಗೆ. ಐದನೆಯದರಲ್ಲಿ 9–9. ಮೇಲೆ ಗ್ಯಾಲರಿಯಲ್ಲಿ ಕೂತ ನನ್ನ ಅಂಗೈ ಒದ್ದೆಯಾಗಿತ್ತು. 11–9, ಆ ಹುಡುಗಿಗೆ.

ಪುಟ್ಟಿ ಟೇಬಲ್ಲು ಸುತ್ತಿ ಹೋಗಿ ಕೈ ಕುಲುಕಿದಳು. ಇಬ್ಬರೂ ಏನೋ ಮಾತಾಡಿ ನಕ್ಕರು. ಮೆಟ್ಟಿಲು ಹತ್ತಿ ಬಂದವಳು ಬ್ಯಾಟನ್ನು ಕವರಿಗೆ ಹಾಕುತ್ತಾ ಹೇಳಿದಳು:

“ಕೊನೇ ಎರಡು ಪಾಯಿಂಟಲ್ಲೂ ಪುಶ್ ಮೇಲೆ ಪುಶ್ ಮಾಡ್ಬಿಟ್ಟೆ ತಾತ. ಎರಡೂ ಮೇಲೆ ಹೋಯ್ತು. ನಾಳೆ ಅದೊಂದೇ ಹಾಕು.”