ಗೋಡೆಯ ಮೇಲಿನ ಕೋವಿ ಖಾಲಿಯೇ?

ಪೆನ್ಸಿಲ್ವೇನಿಯಾದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಕೋವಿ ಇದೆ. ಹಳೆಯದಲ್ಲ, ಹಳೆಯದರ ಪ್ರತಿಕೃತಿ. ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬಿ, ಕೇಪು ಇಟ್ಟು ಹಾರಿಸುವಂಥದ್ದು. ಕೊಪ್ಪದ ಕಡೆ ತೋಟಕ್ಕೆ ನುಗ್ಗುವ ಹಂದಿ ಬೆದರಿಸಲು ಅಜ್ಜ ಇಟ್ಟುಕೊಂಡಿದ್ದ ಕೇಪಿನ ಕೋವಿಯ ನೆನಪಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಮಾರಿದವರು ‘ಬರೀ ಶೋಗೆ ಇಟ್ಟದ್ದು, ಖಾಲಿ’ ಎಂದರು. ನಂಬಿದೆ.

ಮೂರು ತಿಂಗಳ ಮೇಲೆ ಊಟಕ್ಕೆ ಬಂದ ಶೂಟಿಂಗ್ ಕ್ಲಬ್‌ನ ಹಿರಿಯರೊಬ್ಬರು, ಮದ್ದು ಜಡಿಯುವ ಕೋಲನ್ನು ನಳಿಗೆಯೊಳಗೆ ಬಿಟ್ಟು ಬಾಯಿಯ ಮಟ್ಟಕ್ಕೆ ಗುರುತು ಹಾಕಿದರು. ಕೋಲನ್ನು ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದರೆ, ಅದರ ತುದಿ ಬುಡ ಮುಟ್ಟದೆ ಎರಡು ಅಂಗುಲ ಹಿಂದೆಯೇ ನಿಂತಿತ್ತು. ಒಳಗೆ ಈಡು ಇತ್ತು! ಒಂಬತ್ತು ವರ್ಷದ ಮಗ ಅಷ್ಟರಲ್ಲಿ ಎಷ್ಟು ಸಲ ಟ್ರಿಗರ್ ಎಳೆದಿದ್ದನೋ. ಕೇಪು ಇರಲಿಲ್ಲ, ಬದುಕಿಕೊಂಡೆವು. ಒಣಗಿದ್ದರೆ ಕಪ್ಪು ಮದ್ದು ಹತ್ತಾರು ವರ್ಷವಾದರೂ ಕೆಡುವುದಿಲ್ಲ. ಅವರೇ ಕ್ಲಬ್‌ಗೆ ಒಯ್ದು, ಮದ್ದನ್ನು ನೆನೆಸಿ, ಗುಂಡನ್ನು ಎಳೆದು ತೆಗೆದರು.

ನಾಚಿಕೆಯಾಯಿತು. ಲೆಡ್ಜರ್‌ನಲ್ಲಿ ಸೊನ್ನೆ ಇದ್ದರೂ ಗೋದಾಮಿನ ಬಾಗಿಲು ತೆಗೆಸಿ ಎಣಿಸಿ ಎಂದು ಜೂನಿಯರ್‌ಗಳಿಗೆ ಹೇಳುವ ಆಡಿಟರ್ ನಾನೇ.

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ ಇಂಥ ಪ್ರತಿಕೃತಿಗಳನ್ನು ಸಾಮಾನ್ಯವಾಗಿ ಬಂದೂಕು ಎಂದೇ ಲೆಕ್ಕಿಸುವುದಿಲ್ಲ. ಹಲವು ರಾಜ್ಯಗಳಲ್ಲಿ ಹಿನ್ನೆಲೆ ತಪಾಸಣೆಯಿಲ್ಲದೆ ಪಾರ್ಸೆಲ್‌ನಲ್ಲೇ ಮನೆಗೆ ಬರುತ್ತವೆ. ಪಕ್ಕದ ನ್ಯೂಜೆರ್ಸಿಯಲ್ಲಿ ಕಾನೂನು ಬೇರೆ, ಅಲ್ಲಿ ಅನುಮತಿ ಬೇಕು. ವೀಸಾದ ಮೇಲಿರುವವರು ವಕೀಲರನ್ನು ಕೇಳಿಯೇ ಮುಂದುವರಿಯಲಿ. ಆದರೆ ಕಾನೂನು ಬಿಟ್ಟರೂ ಗುಂಡು ಬಿಡುವುದಿಲ್ಲ. ಕಾನೂನು ಕೇಳದ ಎಚ್ಚರವನ್ನು ಮನೆಯವರೇ ವಹಿಸಬೇಕು ಎಂಬುದು ನನ್ನ ಅಭಿಪ್ರಾಯ.

ಆ ಎಚ್ಚರ ಕಷ್ಟದ್ದಲ್ಲ. ಕೈಗೆತ್ತಿಕೊಂಡಾಗಲೆಲ್ಲ ಕೋಲು ಬಿಟ್ಟು ನೋಡಿ. ಕಪ್ಪು ಮದ್ದಿನ ಕೋವಿಗೆ ಈಗಿನ ಹೊಗೆರಹಿತ ಮದ್ದು ಹಾಕಿದರೆ ನಳಿಗೆ ಸಿಡಿಯುತ್ತದೆ. ಒಳಗೆ ಕಿಡಿ ಉಳಿದಿರಬಹುದಾದ್ದರಿಂದ ಡಬ್ಬಿಯಿಂದ ನೇರ ಸುರಿಯದೆ ಅಳತೆಯ ಪಾತ್ರೆಯಿಂದಲೇ ಹಾಕಬೇಕು. ಗುಂಡು ಮದ್ದಿನ ಮೇಲೆ ಒತ್ತಿ ಕೂರಬೇಕು, ನಡುವೆ ಜಾಗ ಉಳಿದರೆ ಅಪಾಯ. ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು, ತಡವಾಗಿಯೂ ಹಾರಬಹುದು. ಹಾರಿಸಿದ ದಿನವೇ ಸೋಪಿನ ಬಿಸಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಬೇಕು. ಮದ್ದಿನ ಮಸಿ ತೇವ ಹೀರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಮದ್ದು, ಕೇಪು ಬೇರೆ ಬೇರೆ ಕಡೆ, ಬೀಗದೊಳಗಿರಲಿ.

‘ಎಸೆದುಬಿಡಿ’ ಎನ್ನುವ ಗೆಳೆಯರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕೊಡಗಿನವರು ಕೈಲ್‌ಪೊಳ್ದ್‌ಗೆ ಕೋವಿಗೆ ಹೂವಿಡುತ್ತಾರೆ. ಆ ಗೌರವದಲ್ಲಿ ಜೋಪಾನವೂ ಸೇರಿದೆ.

ಊರಿನಲ್ಲಿರುವ ಅಪ್ಪ, ಅಮ್ಮಂದಿರಿಗೂ ಒಂದು ಮಾತು. ಮನೆಯಲ್ಲಿ ಲೈಸೆನ್ಸಿನ ಹಳೇ ಕೇಪಿನ ಕೋವಿ ಇದ್ದರೆ, ರಜೆಗೆ ಮೊಮ್ಮಕ್ಕಳು ಬರುವ ಮೊದಲೇ ತಿಳಿದವರನ್ನು ಕರೆಸಿ ಕೋಲು ಬಿಟ್ಟು ನೋಡಿಸಿ. ‘ಖಾಲಿ’ ಎಂದು ಯಾರೇ ಹೇಳಿರಲಿ, ನೋಡಿದ ಮೇಲೆ ಮಾತ್ರ ನಂಬಿ.