ಬಾನುಲಿಯೂ ಪಕ್ಷಾಂತರವೂ

ವಿರೋಧಪಕ್ಷದ ಪೀಠದಲ್ಲಿ ಕುಳಿತಾಗ ಪ್ರತಿಯೊಂದು ಪಕ್ಷವೂ ಎರಡು ಮಾತುಗಳನ್ನು ತಪ್ಪದೆ ಆಡುವದು: ಬಾನುಲಿಯು ಸರಕಾರದ ತುತ್ತೂರಿಯಾಗಬಾರದು, ಶಾಸಕರು ಸಂತೆಯ ದನಗಳಂತೆ ಕೈಬದಲಾಗಬಾರದು. ಎರಡೂ ಸತ್ಯವಾದ ಮಾತುಗಳೇ. ಆದರೆ ಗದ್ದುಗೆಯನ್ನೇರಿದ ಮರುದಿನ ಅದೇ ನಾಲಿಗೆಯು ಹೇಗೆ ಹೊರಳುವದೆಂಬುದನ್ನು ತಿಳವಳ್ಳಿ ಸೀಮೆಯ ನಮ್ಮ ವಾಚಕರು ಮರೆಯಲಾಗದು.

1950ರ ಜನವರಿ 8ರಂದು ಧಾರವಾಡದ ನಿಲಯವು ಆರಂಭವಾದಾಗ, ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜನಕ್ಕೆ ಆಕಾಶದಿಂದ ತಾಯಿನುಡಿಯು ಕೇಳಿಸಿತು. ಆ ವಾಣಿಯು ಜನರದೋ, ಸರಕಾರದ್ದೋ? 1977ರಲ್ಲಿ ಜನತಾ ಪಕ್ಷವು, ತುರ್ತುಪರಿಸ್ಥಿತಿಯ ಅನುಭವವನ್ನುಂಡು, ಜನರದೆಂದು ವಚನವಿತ್ತಿತು. 1978ರಲ್ಲಿ ವರ್ಗೀಸ್ ಸಮಿತಿಯು ವರದಿಯನ್ನೊಪ್ಪಿಸಿತು. 1979ರಲ್ಲಿ ಪಕ್ಷವೇ ಒಡೆದು ಮಸೂದೆಯು ಮೂಲೆಗೆ ಬಿದ್ದಿತು. 1989ರಲ್ಲಿ ರಾಷ್ಟ್ರೀಯ ರಂಗವು ಅದೇ ವಚನವನ್ನಿತ್ತು ಗೆದ್ದು, 1990ರಲ್ಲಿ ಪ್ರಸಾರ ಭಾರತಿ ಕಾಯದೆಯನ್ನು ಮಾಡಿತು. ಅದೇ ನವೆಂಬರದಲ್ಲಿ ಜನತಾದಳವು ಒಡೆದು ಸರಕಾರವು ಉರುಳಿತು. 1991ರಿಂದ ಐದು ವರ್ಷ ಆಳಿದ ಕಾಂಗ್ರೆಸ್ಸು ಆ ಕಾಯದೆಯನ್ನು ಜಾರಿಗೆ ತರಲಿಲ್ಲ. ಅದು ಜಾರಿಗೆ ಬಂದದ್ದು 1997ರ ಸೆಪ್ಟೆಂಬರ 15ರಂದು. ಇಂದಿಗೂ ಅದರ ನೌಕರರ ಸಂಬಳವು ಕೇಂದ್ರದ ಬೊಕ್ಕಸದಿಂದಲೇ ಬರುವದು. ಅನ್ನವಿಕ್ಕುವ ಕೈಯನ್ನು ಟೀಕಿಸುವ ಬಾಯಿ ಎಷ್ಟರ ಮಟ್ಟಿಗೆ ಸ್ವತಂತ್ರವಾದೀತು?

ಬಾನುಲಿಯ ಬಿಡುಗಡೆಗೆ ಎರಡು ಸಲ ಅಡ್ಡಬಂದದ್ದು ಪಕ್ಷದ ಒಡಕೇ ಎಂಬುದನ್ನು ಗಮನಿಸತಕ್ಕದ್ದು. ಆ ರೋಗಕ್ಕೆ 1985ರಲ್ಲಿ ಸಂವಿಧಾನದ ಹತ್ತನೆಯ ಅನುಸೂಚಿಯೆಂಬ ಮದ್ದು ಬಂದಿತು. ಆದರೂ 1989ರ ಏಪ್ರಿಲದಲ್ಲಿ ಹತ್ತೊಂಬತ್ತು ಶಾಸಕರ ಪತ್ರಗಳನ್ನು ನೆಪಮಾಡಿ, ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶ್ರೀ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು ವಜಾ ಮಾಡಲಾಯಿತು. ಅವರಲ್ಲಿ ಏಳು ಮಂದಿ ಮಾತನ್ನು ಹಿಂದೆಗೆದುಕೊಂಡರೂ ಸದನದಲ್ಲಿ ಬಲವನ್ನು ಪರೀಕ್ಷಿಸಲಿಲ್ಲ. ಬಹುಮತವನ್ನು ಅಳೆಯತಕ್ಕ ಸ್ಥಳವು ಸದನವೇ ಎಂದು 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರಿತು.

ದೂರವೇಕೆ? ನೆರೆಯ ಹಿರೇಕೆರೂರಿನಲ್ಲಿ 2018ರಲ್ಲಿ ಕೇವಲ 555 ಮತಗಳಿಂದ ಕಾಂಗ್ರೆಸ್ಸಿನಿಂದ ಗೆದ್ದ ಶ್ರೀ ಬಿ. ಸಿ. ಪಾಟೀಲರು 2019ರಲ್ಲಿ ರಾಜೀನಾಮೆಯಿತ್ತರು, ಅನರ್ಹರಾದರು, ಡಿಸೆಂಬರದಲ್ಲಿ ಭಾಜಪದಿಂದ ಗೆದ್ದರು, 2020ರಲ್ಲಿ ಮಂತ್ರಿಯಾದರು. 2023ರಲ್ಲಿ ಅವರನ್ನು ಸೋಲಿಸಿದ ಕಾಂಗ್ರೆಸ್ಸಿನ ಶ್ರೀ ಯು. ಬಿ. ಬಣಕಾರರೂ 2018ರಲ್ಲಿ ಭಾಜಪದ ಉಮೇದುವಾರರೇ. ವ್ಯಕ್ತಿಗಳನ್ನು ದೂರುವದು ನಮ್ಮ ಉದ್ದೇಶವಲ್ಲ. ಹೋದವನನ್ನು ದ್ರೋಹಿಯೆಂದೂ ಬಂದವನನ್ನು ಧೀರನೆಂದೂ ಕರೆಯುವ ಪಕ್ಷಗಳ ಎರಡಳತೆಯನ್ನೇ ನಾವು ಖಂಡಿಸುವೆವು.

ಅನರ್ಹತೆಯ ತೀರ್ಪು ಆಳುವ ಪಕ್ಷದಿಂದ ಬಂದ ಸಭಾಪತಿಯ ಕೈಯಲ್ಲಿರಬೇಕೋ, ಸ್ವತಂತ್ರ ನ್ಯಾಯಮಂಡಲಿಯ ಕೈಯಲ್ಲಿರಬೇಕೋ ಎಂಬುದನ್ನು ಸಂಸತ್ತು ಯೋಚಿಸಲೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೂಚಿಸಿತು. ಅದು ಆಗಲೇಬೇಕೆಂಬುದು ನಮ್ಮ ಮತ. ಆದರೆ ಕಾಯದೆಗಿಂತ ಮೊದಲು ಮತದಾರನು ಎಚ್ಚರಗೊಳ್ಳಬೇಕು. ವಿರೋಧಪಕ್ಷದವರು ಮನೆಬಾಗಿಲಿಗೆ ಬಂದಾಗ ಇಷ್ಟೇ ಕೇಳಿರಿ: “ನಾಳೆ ನೀವು ಗೆದ್ದರೆ, ನಿಮ್ಮತ್ತ ಓಡಿಬರುವವರಿಗೆ ಬಾಗಿಲನ್ನು ಮುಚ್ಚುವಿರೋ? ನಿಮ್ಮನ್ನು ಟೀಕಿಸುವ ಬಾನುಲಿಯನ್ನು ಸಹಿಸುವಿರೋ?” ಹೌದೆಂದವರ ಮಾತನ್ನು ಬರೆದಿಟ್ಟುಕೊಳ್ಳಿರಿ, ಮುಂದಿನ ಚುನಾವಣೆಯಲ್ಲಿ ಅದನ್ನು ಓದಿ ತೋರಿಸಿರಿ.