ಟಿಕೆಟ್ ಇರುವ ಗಮೆಲಾನ್, ಟಿಕೆಟ್ ಇಲ್ಲದ ಗಮೆಲಾನ್

ಬಾಲಿಗೆ ಹೋಗಿ ಬಂದವರ ಫೋನಿನಲ್ಲಿ ಒಂದು ವಿಡಿಯೋ ಖಾಯಂ. ಉಬುದ್ ಅರಮನೆಯ ಅಂಗಳ, ಚಿನ್ನದ ಬಣ್ಣದ ಕಿರೀಟ ತೊಟ್ಟ ನರ್ತಕಿಯರು, ಪಕ್ಕದಲ್ಲಿ ಕಂಚಿನ ವಾದ್ಯಗಳ ಭೋರ್ಗರೆತ. ಕೆಳಗೊಂದು ಕಾಮೆಂಟೂ ಖಾಯಂ: "ಇದೆಲ್ಲಾ ಟೂರಿಸ್ಟ್‌ಗಳಿಗೆ ಮಾಡೋದು, ಒರಿಜಿನಲ್ ಅಲ್ಲ." ಈ ಮಾತು ಅರ್ಧ ಮಾತ್ರ ನಿಜ.

ಆ ಕಂಚಿನ ಮೇಳವೇ ಗಮೆಲಾನ್. ಸಾಮಾನ್ಯವಾಗಿ ಅದು ಒಬ್ಬ ಕಲಾವಿದನ ಸ್ವತ್ತಲ್ಲ, ಬಂಜಾರಿನ ಸ್ವತ್ತು. ಬಂಜಾರ್ ಅಂದ್ರೆ ಮದುವೆ, ಸಾವು, ದೇವಸ್ಥಾನದ ಕೆಲಸ ಎಲ್ಲಕ್ಕೂ ಒಟ್ಟಾಗುವ ಕೇರಿ. ಸಂಜೆ ಟಿಕೆಟ್ ಶೋನಲ್ಲಿ ನುಡಿಸಿದ ಡ್ರೈವರ್, ಹೋಟೆಲ್ ನೌಕರ, ರೈತ ನಾಳೆ ದೇವಸ್ಥಾನದಲ್ಲೂ ಕೂತಿರಬಹುದು. ವಾದ್ಯಗಳು ಜೋಡಿ ಜೋಡಿ. ಒಂದೇ ಸ್ವರ ಒಂದರಲ್ಲಿ ಕೊಂಚ ಮೇಲೆ, ಇನ್ನೊಂದರಲ್ಲಿ ಕೊಂಚ ಕೆಳಗೆ. ಎರಡನ್ನೂ ಒಟ್ಟಿಗೆ ಬಾರಿಸಿದಾಗ ನಾದ ನಡುಗುತ್ತೆ. ಅದಕ್ಕೆ ಅವರು 'ಓಂಬಾಕ್' ಅಂತಾರೆ, ಅಂದರೆ ಅಲೆ. ವೇಗದ ಭಾಗ ಬಂದಾಗ ಒಬ್ಬ ಬಿಟ್ಟ ಜಾಗದಲ್ಲಿ ಮತ್ತೊಬ್ಬ ಬಾರಿಸಬೇಕು. ಒಬ್ಬನೇ ಮನೇಲಿ ಕೂತು ಪ್ರಾಕ್ಟೀಸ್ ಮಾಡಿದರೆ ಸಿಗೋದು ಅರ್ಧ ಹಾಡು! ಇದು ವೇದಿಕೆಯಲ್ಲೂ ಅಷ್ಟೇ, ಗುಡಿಯಲ್ಲೂ ಅಷ್ಟೇ.

ಬದಲಾಗೋದು ಕೇಳುವವರು. ಶೋ ಅಂದರೆ ಗಂಟೆ, ಒಂದೂವರೆ ಗಂಟೆ. ಐದಾರು ಐಟಂ, ಚಪ್ಪಾಳೆ, ಮುಗೀತು. ದೇವಸ್ಥಾನದ ವಾರ್ಷಿಕೋತ್ಸವ 'ಒಡಲಾನ್' 210 ದಿನಗಳಿಗೊಮ್ಮೆ ಬರುತ್ತದೆ. ಅಲ್ಲಿ ಗಮೆಲಾನ್ ನಡೆಯುತ್ತಿರುವಾಗಲೇ ಪುರೋಹಿತರ ಗಂಟೆ, ಹೆಂಗಸರ ಹಾಡು, ಕೆಲವೊಮ್ಮೆ ಇನ್ನೊಂದು ಮೇಳ ಕೂಡ. ಮಕ್ಕಳು ಓಡುತ್ತಿರುತ್ತಾರೆ, ಯಾರೋ ತಿಂತಿರುತ್ತಾರೆ. ಈ ತುಂಬಿದ ಗದ್ದಲಕ್ಕೆ 'ರಮೇ' ಅನ್ನುವ ಹೆಸರಿದೆ, ಅದಿಲ್ಲದಿದ್ದರೆ ಹಬ್ಬ ಸಪ್ಪೆ. ಜಾತ್ರೆ ಕಂಡವರಿಗೆ ಹೇಳಬೇಕಾಗಿಲ್ಲ ಬಿಡಿ. ಸಂಗೀತ ದೇವರಿಗೆ, ನಾವು ಸುಮ್ಮನೆ ಪಕ್ಕದಲ್ಲಿ ನಿಂತವರು.

ಹಾಗಂತ ಗುಡಿಯದೆಲ್ಲಾ ಹಳೇದು, ವೇದಿಕೆಯದೆಲ್ಲಾ ನಕಲಿ ಅನ್ನೋಕೂ ಆಗಲ್ಲ. ಉಲುವಾತುವಿನಲ್ಲಿ ಸೂರ್ಯಾಸ್ತಕ್ಕೆ ನೋಡುವ ಕೆಚಾಕ್, ಅದೇ ಗಂಡಸರ "ಚಕ್ ಚಕ್" ರಾಮಾಯಣ, ಸಾವಿರ ವರ್ಷದ್ದು ಅಂದುಕೊಳ್ಳುತ್ತೇವೆ. ಆದರೆ ಮೈಮೇಲೆ ದೇವರು ಬರುವ ಸಾಂಗ್ಯಾಂಗ್ ಆಚರಣೆಯ ಮೇಳದಿಂದ ಅದನ್ನು ಈ ರೂಪಕ್ಕೆ ತಂದದ್ದು 1930ರ ದಶಕದಲ್ಲಿ. ಜರ್ಮನ್ ಕಲಾವಿದ ವಾಲ್ಟರ್ ಸ್ಪೀಸ್ ಮತ್ತು ನರ್ತಕ ವಾಯಾನ್ ಲಿಂಬಾಕ್ ಅದರ ಹಿಂದಿದ್ದರು.

ಗೆರೆ ಎಳೆಯುವ ಪ್ರಯತ್ನವೂ ಆಯ್ತು. ಗುಡಿಯ ನೃತ್ಯ ಪ್ರವಾಸಿಗರ ಮುಂದೆ ಬರಬಾರದು ಅಂತ 1971ರಲ್ಲಿ ಬಾಲಿಯವರೇ ಸಭೆ ಸೇರಿ ಮೂರು ವರ್ಗ ಮಾಡಿದರು: ಪವಿತ್ರ, ಆಚರಣೆಗೆ ಜೊತೆಯಾಗುವಂಥದ್ದು, ಬರೀ ನೋಡುವುದಕ್ಕೆ. ದೇವರನ್ನು ಸ್ವಾಗತಿಸುವ ಪೆಂಡೆಟ್ ಬದಲು ಅತಿಥಿಗಳಿಗೆಂದೇ 'ಪಾನ್ಯೆಂಬ್ರಾಮ' ಅನ್ನೋ ಹೊಸ ನೃತ್ಯವೂ ಬಂತು. ಮಜಾ ಏನು ಗೊತ್ತಾ? ಹುಡುಗಿಯರು ಅದನ್ನು ಚೆನ್ನಾಗಿ ಕಲಿತರು, ಆಮೇಲೆ ಅದೇ ಗುಡಿಯೊಳಗೂ ಹೋಯಿತು.

ಟಿಕೆಟ್ ಶೋ ನೋಡೋಕೆ ನಾಚಿಕೆ ಬೇಡ. ಎಷ್ಟೋ ಕಡೆ ಆ ದುಡ್ಡಿನಿಂದಲೇ ಬಟ್ಟೆಬರೆ, ವಾದ್ಯಗಳ ರಿಪೇರಿ ಆಗೋದು. ಒಡಲಾನ್‌ಗೆ ಯಾರಾದರೂ ಕರೆದರೆ ಪಂಚೆಯಂಥ ಬಟ್ಟೆ ಉಟ್ಟು, ಸೊಂಟಕ್ಕೆ ಶಾಲು ಕಟ್ಟಿ ಹೋಗಿ, ಕೇಳಿ ವಿಡಿಯೋ ಮಾಡಿ. ಫೋಟೋ ಆತುರದಲ್ಲಿ ಮಾತ್ರ ವಾದ್ಯಗಳನ್ನು ದಾಟಬೇಡಿ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ ನಮಗೆ ಕಾರಣ ವಿವರಿಸಬೇಕಿಲ್ಲ.